ಹಳೆ ಕಾರಿನ ಬಾಗು ಹಿಡಿಯಲು ಯಾವ ಜಾಗ, ಯಾವ ಹೊತ್ತು, ಯಾವ ಲೆನ್ಸ್? ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ಹೋಲಿಕೆ

ಮದುವೆ ಮೆರವಣಿಗೆಗೆ ಬಂದ ಹಳೆ ಅಂಬಾಸಿಡರ್ ಮುಂದೆ ಎರಡು ಹೆಜ್ಜೆ ದೂರ ನಿಂತು ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಬಾನೆಟ್ ಪೂರಿಯಂತೆ ಉಬ್ಬುತ್ತದೆ, ಡಿಕ್ಕಿ ಎಲ್ಲೋ ಹಿಂದೆ ಕುಗ್ಗುತ್ತದೆ. ಹೆಡ್‌ಲೈಟಿನ ನೆತ್ತಿಯಿಂದ ಬಾಗಿಲವರೆಗೆ ಇಳಿದು ಬರುವ ಆ ಚೆಂದದ ಗೆರೆ ಕಾಣುವುದೇ ಇಲ್ಲ. ದುಬಾರಿ ಕ್ಯಾಮೆರಾ ತಂದರೂ ಇದು ತಾನಾಗಿ ಸರಿಹೋಗದು. ಪಾಲಿಶ್ ಆದ ಬಣ್ಣದ ತಗಡು ಕನ್ನಡಿಯ ಕೆಲಸ ಮಾಡುತ್ತದೆ. ತಗಡು ಎಲ್ಲಿ ಬಾಗಿದೆ ಎಂದು ಕಣ್ಣಿಗೆ ತಿಳಿಯುವುದು ಅದರಲ್ಲಿ ಮೂಡಿದ ಪ್ರತಿಬಿಂಬ ಎಲ್ಲಿ ಬಾಗಿದೆ ಎಂಬುದರಿಂದ. ಹಾಗಾಗಿ ಕಾರಿನ ಹಿಂದೆ ಯಾವ ಕೋಟೆ, ಯಾವ ಗುಂಬಜ್ ಇದೆ ಎಂದು ನೋಡುವ ಮೊದಲು ಫೋಟೋ ತೆಗೆಯುವವರ ಬೆನ್ನ ಹಿಂದೆ ಏನಿದೆ ಎಂದು ತಿರುಗಿ ನೋಡಬೇಕು. ಕಾರಿನ ಮೈಮೇಲೆ ಮೂಡುವುದು ಅದೇ.

ಕಾರಿನ ಪಕ್ಕವನ್ನೇ ತೆಗೆದುಕೊಳ್ಳಿ. ಹೆಗಲಿನ ಭಾಗ ಸ್ವಲ್ಪ ಮೇಲಕ್ಕೆ ಮುಖ ಮಾಡಿರುತ್ತದೆ, ಅಲ್ಲಿ ಆಕಾಶ ಕಾಣುತ್ತದೆ. ಬಾಗಿಲಿನ ಕೆಳಭಾಗ ಒಳಕ್ಕೆ ಮಡಚಿರುತ್ತದೆ, ಅಲ್ಲಿ ನೆಲ ಕಾಣುತ್ತದೆ. ಎರಡೂ ಸೇರುವಲ್ಲಿ ಒಂದು ಗಡಿಗೆರೆ ಹೆಡ್‌ಲೈಟಿನಿಂದ ಟೇಲ್‌ಲ್ಯಾಂಪಿನವರೆಗೆ ಹರಿಯುತ್ತದೆ. ವಿನ್ಯಾಸಕಾರ ಬಿಡಿಸಿದ ರೇಖೆಯನ್ನು ಫೋಟೋದಲ್ಲಿ ತೋರಿಸುವುದು ಈ ಗಡಿಗೆರೆಯೇ. ನಿಮ್ಮ ಬೆನ್ನ ಹಿಂದೆ ದೂರದವರೆಗೆ ಬಯಲಿದ್ದರೆ ಗೆರೆ ನಯವಾಗಿ ಹರಿಯುತ್ತದೆ. ಬೇವಿನ ಮರ, ಲೈಟ್ ಕಂಬ, ನಿಲ್ಲಿಸಿದ ಬೈಕು, ಕೈಕಟ್ಟಿ ನೋಡುತ್ತಾ ನಿಂತ ನಾಲ್ಕು ಮಂದಿ ಇದ್ದರೆ ಅಲ್ಲಲ್ಲಿ ತುಂಡಾಗುತ್ತದೆ. ಕಪ್ಪು ಕಾರಿನಲ್ಲಿ ಅವರೆಲ್ಲರ ಕಾಲುಗಳನ್ನೂ ಎಣಿಸಬಹುದು.

ಕಾರು ಯಾವುದು, ಕೋನ ಯಾವುದು

ಈ ಬಾಗಿನ ಶೈಲಿಗೆ ಸ್ಟ್ರೀಮ್‌ಲೈನ್ ಎಂದು ಹೆಸರು, ಅಂದರೆ ಮೂಲದಲ್ಲಿ ಮುಂದೆ ದುಂಡಗೆ, ಹಿಂದೆ ಉದ್ದಕ್ಕೆ ಇಳಿಜಾರಾಗಿ ಮುಗಿಯುವ, ಗಾಳಿ ಸುಳಿ ಕಟ್ಟದೆ ಜಾರಿಹೋಗುವ ಆಕಾರ. 1934ರ ಟಾಟ್ರಾ 77, ಅದೇ ವರ್ಷದ ಕ್ರೈಸ್ಲರ್ ಏರ್‌ಫ್ಲೋ, 1936ರ ಲಿಂಕನ್ ಜೆಫಿರ್ ಈ ದಾರಿಯ ಹೆಸರುವಾಸಿ ಕಾರುಗಳು. ನಮ್ಮ ಮೂರು ಜಿಲ್ಲೆಗಳಲ್ಲಿ ಅವು ಎದುರಾಗುವ ಆಸೆ ಇಟ್ಟುಕೊಳ್ಳಬೇಡಿ. ಸಿಗುವುದು ಅಂಬಾಸಿಡರ್, ಫಿಯೆಟ್ 1100 ಮತ್ತು ಅದರ ಮುಂದಿನ ಪದ್ಮಿನಿ. ಅದೃಷ್ಟವಿದ್ದರೆ ಲ್ಯಾಂಡ್‌ಮಾಸ್ಟರ್, ಮೋರಿಸ್ ಮೈನರ್, ಬೀಟಲ್, ಸ್ಟ್ಯಾಂಡರ್ಡ್ ಹೆರಾಲ್ಡ್. ಎಲ್ಲವೂ ಹಳೆಯವೇ, ಆದರೆ ಬಾಗು ಒಂದೊಂದರಲ್ಲಿ ಒಂದೊಂದು ಕಡೆ ಇದೆ.

ಬೀಟಲ್‌ನ ಚೆಲುವೆಲ್ಲ ಹಿಂದಿನ ಅರ್ಧದಲ್ಲಿದೆ. ಛಾವಣಿ ಎಲ್ಲೂ ನಿಲ್ಲದೆ ಬಂಪರ್‌ವರೆಗೆ ಇಳಿಯುತ್ತದೆ. ಇದಕ್ಕೆ ಹಿಂದಿನ ಮೂಲೆಯಿಂದ ತೆಗೆಯುವ ಕೋನವೇ ಸರಿ, ಅದೂ ಸ್ವಲ್ಪ ಎತ್ತರದಿಂದ. ಕ್ಯಾಮೆರಾ 1.8ರಿಂದ 2 ಮೀಟರ್ ಎತ್ತರದಲ್ಲಿದ್ದರೆ ಮೇಲಿನಿಂದ ನೋಡಿದಾಗಷ್ಟೇ ಗೊತ್ತಾಗುವ, ಹಿಂದಕ್ಕೆ ಕಿರಿದಾಗುವ ಆಕಾರ ಸಿಗುತ್ತದೆ. ಒಂದು ಗಟ್ಟಿ ಸ್ಟೂಲ್ ಸಾಕು. ಮುಂದಿನಿಂದ ತೆಗೆದರೆ ಅದು ಎರಡು ದುಂಡು ದೀಪಗಳ ಮುದ್ದು ಮುಖವಷ್ಟೇ ಆಗುತ್ತದೆ.

ಅಂಬಾಸಿಡರ್ ಮೋರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿಯಿಂದ ಬಂದದ್ದು, 2014ರವರೆಗೂ ತಯಾರಾಯಿತು. ಇದರಲ್ಲಿ ನೋಡಬೇಕಾದ್ದು ಪಕ್ಕ. ಮುಂದಿನ ಮಡ್ಗಾರ್ಡಿನ ಉಬ್ಬು ಬಾಗಿಲಿನೊಳಗೆ ಕರಗುತ್ತದೆ, ಹಿಂದಿನ ಬಾಗಿಲಿನ ಅಂಚಿನಲ್ಲಿ ಇನ್ನೊಂದು ಉಬ್ಬು ಏಳುತ್ತದೆ. ನೇರ ಪಕ್ಕದ ನೋಟ, ಇಲ್ಲವೇ ಪಕ್ಕದಿಂದ 20–25 ಡಿಗ್ರಿಯಷ್ಟೇ ಮುಂದಕ್ಕೆ ಸರಿದ ನೋಟ ಎರಡೂ ಉಬ್ಬುಗಳನ್ನು ತೋರಿಸುತ್ತದೆ. ಎಲ್ಲರೂ ರೂಢಿಯಲ್ಲಿ ತೆಗೆಯುವ 45 ಡಿಗ್ರಿ ಮೂಲೆಯ ಕೋನದಲ್ಲಿ ಗ್ರಿಲ್ ಮೆರೆಯುತ್ತದೆ, ಹಿಂದಿನ ಉಬ್ಬು ಮುಂದಿನದರ ಮರೆಯಲ್ಲಿ ಅಡಗುತ್ತದೆ. ಕ್ಯಾಮೆರಾ ಹೆಡ್‌ಲೈಟಿನ ಎತ್ತರಕ್ಕೆ, ಅಂದರೆ ನೆಲದಿಂದ 80–90 ಸೆಂಟಿಮೀಟರಿಗೆ ಇರಲಿ. ಕಾರಿನ ಎತ್ತರವೇ ಸುಮಾರು 1.6 ಮೀಟರ್. ನಿಂತ ಕಣ್ಣಿನ ಎತ್ತರದಿಂದ ತೆಗೆದರೆ ಛಾವಣಿ ಚಪ್ಪಟೆಯಾಗುತ್ತದೆ. ಮೊಣಕಾಲಿಗಿಂತ ಕೆಳಗಿಳಿದರೆ ಬಾನೆಟ್ಟಿನ ಮೇಲ್ಮೈ ಮರೆಯಾಗಿ, ಬಾನೆಟ್ಟಿನಿಂದ ವಿಂಡ್‌ಶೀಲ್ಡಿಗೆ ಏರುವ ಹರಿವು ಕಡಿಯುತ್ತದೆ.

1948ರಲ್ಲಿ ಬಂದ ಮೋರಿಸ್ ಮೈನರ್‌ಗೂ ಇದೇ ಎತ್ತರ ಹೊಂದುತ್ತದೆ. ಕಾರು ಗಿಡ್ಡ, ಆದ್ದರಿಂದ ಇನ್ನೊಂದು ಗೇಣು ಕೆಳಗಿಳಿಯಬಹುದು. ಫಿಯೆಟ್ 1100ರಲ್ಲಿ ಹೆಗಲಿನ ಗೆರೆ ಬಹುಪಾಲು ನೇರ. ಅಲ್ಲಿ ಬಾಗು ಹುಡುಕುವುದಕ್ಕಿಂತ ಆ ನೇರ ಗೆರೆ ಮತ್ತು ಹಿಂದಿನ ಪುಟ್ಟ ರೆಕ್ಕೆಗಳನ್ನು ಹಿಡಿಯುವುದು ಜಾಣತನ. ಹೆರಾಲ್ಡ್ ಇಟಲಿಯ ಮಿಕೆಲೋಟ್ಟಿಯ ವಿನ್ಯಾಸ, ಅಂಚುಗಳ ಕಾರು. ಈ ಲೇಖನದಲ್ಲಿ ಹೇಳಿದ ಮೃದು ಬೆಳಕಿನಲ್ಲಿ ಅದು ಸಪ್ಪೆಯಾಗುತ್ತದೆ, ಅದಕ್ಕೆ ಖಡಕ್ ಬಿಸಿಲೇ ಚೆಂದ.

ಜಾಗ: ನೆಲ, ಗೋಡೆ, ಬಯಲು

ಮೂರು ಜಿಲ್ಲೆಗಳಲ್ಲಿ ಮೂರು ಬಗೆಯ ಕಲ್ಲು, ಮೂರು ಬಗೆಯ ನೆಲ. ಆಯ್ಕೆ ಮಾಡಬೇಕಾದ್ದು ಕಾರಿನ ಬಣ್ಣ ನೋಡಿ.

ಕಲಬುರಗಿಯ ಸುತ್ತ ಎರೆ ಹೊಲಗಳ ನಡುವಿನ ರಸ್ತೆಗಳು ಬಿಳಿ, ಕೆನೆ, ತಿಳಿನೀಲಿ ಕಾರುಗಳಿಗೆ ಹೇಳಿ ಮಾಡಿಸಿದ ಜಾಗ. ಬಿಳಿ ಕಾರಿನಲ್ಲಿ ಪ್ರತಿಬಿಂಬ ಮಸುಕು, ಆಕಾರ ತಿಳಿಯುವುದು ನೆರಳಿನಿಂದ. ಕೆಳಗೆ ಕಪ್ಪು ಮಣ್ಣಿದ್ದರೆ ಬಾಗಿಲಿನ ಕೆಳಭಾಗ ತಾನಾಗಿ ಬೂದು ಬಣ್ಣಕ್ಕೆ ತಿರುಗಿ, ದುಂಡುತನ ಎದ್ದು ಬರುತ್ತದೆ. ಬೆನ್ನ ಹಿಂದೆ ಕಣ್ಣು ಹಾಯುವವರೆಗೂ ತೊಗರಿ ಹೊಲವಿದ್ದರೆ ಗಡಿಗೆರೆ ನೂಲು ಹಿಡಿದಂತೆ ಬರುತ್ತದೆ. ಆದರೆ ಕಾಲ ನೋಡಿಕೊಳ್ಳಿ. ನವೆಂಬರ್ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದು ನಿಂತಿರುತ್ತದೆ. ರಸ್ತೆ ಪಕ್ಕದಲ್ಲೇ ಬೆಳೆಯಿದ್ದರೆ ಕಾರಿನ ಮೇಲೆ ಆಕಾಶದ ಬದಲು ಹಸಿರು ಗೋಡೆ ಮೂಡುತ್ತದೆ. ರಾಶಿ ಮುಗಿದ ಮೇಲೆ, ಜನವರಿಯಿಂದ ಮಾರ್ಚ್‌ವರೆಗೆ ಬಯಲು ಬಿಚ್ಚಿಕೊಂಡಿರುತ್ತದೆ. ಮಳೆ ಬಿದ್ದ ಮರುದಿನ ಮಾತ್ರ ಡಾಂಬರು ಬಿಟ್ಟು ಕೆಳಗಿಳಿಸಬೇಡಿ. ಎರೆ ಮಣ್ಣಿನಲ್ಲಿ ಚಕ್ರ ಹೂತರೆ ಫೋಟೋ ಬಿಟ್ಟು ಟ್ರ್ಯಾಕ್ಟರ್ ಹುಡುಕಬೇಕಾದೀತು.

ಕಪ್ಪು, ಕಡುನೀಲಿ, ಮರೂನ್ ಕಾರುಗಳಿಗೆ ಇದರ ತದ್ವಿರುದ್ಧ ನೆಲ ಬೇಕು. ಎರೆ ಮಣ್ಣಿನ ಮೇಲೆ ಕಪ್ಪು ಕಾರಿನ ಕೆಳ ಅರ್ಧ ನೆಲದಲ್ಲಿ ಸೇರಿಹೋಗುತ್ತದೆ. ಶಹಾಬಾದಿ ಫರಸಿ ಹಾಸಿದ ದೊಡ್ಡ ಅಂಗಳ ಅವಕ್ಕೆ ಸೂಕ್ತ: ಕಲ್ಯಾಣ ಮಂಟಪ, ಹಳೆ ಗೋದಾಮು, ದಾಲ್ ಮಿಲ್ಲಿನ ಒಣಗಿಸುವ ಕಣ. ಬೂದು ಕಲ್ಲು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಎಸೆಯುತ್ತದೆ. ಬಂಪರಿನ ಅಡಿ, ಚಕ್ರದ ಕಮಾನಿನ ಒಳಗೂ ವಿವರ ಸಿಗುತ್ತದೆ. ಒಂದು ತೊಡಕಿದೆ. ಫರಸಿಯ ಸಂದುಗಳು ಕಾರಿಗೆ ಓರೆಯಾಗಿದ್ದರೆ ನೆಲ ಜಾರಿದಂತೆ ಕಾಣುತ್ತದೆ. ಕಾರನ್ನು ಸಂದಿಗೆ ಸಮಾನಾಂತರವಾಗಿ ನಿಲ್ಲಿಸಿ. ಅಂಗಳ ಕನಿಷ್ಠ 20 ಮೀಟರ್ ಅಗಲ ಇರಲಿ, ಇಲ್ಲದಿದ್ದರೆ ಎದುರಿನ ಕಾಂಪೌಂಡ್ ಗೋಡೆ ಬಾಗಿಲುಗಳ ಮೇಲೆ ದಪ್ಪ ಪಟ್ಟಿಯಾಗಿ ಬೀಳುತ್ತದೆ.

ಬೀದರ್ ಎಂದರೆ ಕೆಂಪು ಜಂಬಿಟ್ಟಿಗೆ. ಕೋಟೆಯ ಗೋಡೆಗಳ ಎದುರು ಕಡುಹಸಿರು ಅಥವಾ ಕಪ್ಪು ಕಾರು ನಿಲ್ಲಿಸಿದರೆ ಬೆಳಗಿನ ಬಿಸಿಲಿಗೆ ಬಾಗಿಲುಗಳ ಮೇಲೆ ತಾಮ್ರದ ಬಣ್ಣದ ಗೆರೆ ಹರಿಯುತ್ತದೆ, ಅದರಷ್ಟು ಸೊಗಸು ಬೇರೆ ಇಲ್ಲ. ಬಿಳಿ ಅಂಬಾಸಿಡರ್‌ಗೆ ಅದೇ ಗೋಡೆ ಶತ್ರು. ಕೆಳಗೆ ಗುಲಾಬಿ, ಮೇಲೆ ನೀಲಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಬಣ್ಣದ ಹೊಂದಾಣಿಕೆ) ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಗೋಡೆಯಿಂದ 15 ಮೀಟರ್ ಆಚೆ ನಿಲ್ಲಿಸಿದರೆ ಛಾಯೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಂಪು ಮಣ್ಣಿನ ನೆಲ ಇದ್ದೇ ಇರುತ್ತದಲ್ಲ. ಬಿಳಿ ಕಾರಿನವರು ಊರಿನ ಪೂರ್ವಕ್ಕಿರುವ ಅಷ್ಟೂರಿನ ದಾರಿ ಹಿಡಿಯುವುದು ಮೇಲು. ಬಹಮನಿ ಸುಲ್ತಾನರ ಗೋರಿಗಳು ದೂರದಲ್ಲಿ ಸಾಲಾಗಿ ನಿಂತಿರುತ್ತವೆ, ಸುತ್ತ ಹೊಲ ತೆರೆದಿದೆ. ಬೇಸಿಗೆಯಲ್ಲಿ ಬೀದರ್‌ಗೆ ಇನ್ನೊಂದು ಲಾಭ: ಸುಮಾರು 700 ಮೀಟರ್ ಎತ್ತರದ ಈ ಪಠಾರ 450 ಮೀಟರ್ ಎತ್ತರದ ಕಲಬುರಗಿಗಿಂತ ತುಸು ತಂಪು. ಹಳೆ ಎಂಜಿನ್‌ಗೂ ಅದು ನೆಮ್ಮದಿ.

ಗುಂಬಜ್‌ಗಳ ಬಗ್ಗೆ ಒಂದು ಮಾತು. ಕಲಬುರಗಿಯ ಹಫ್ತ್ ಗುಂಬಜ್ ಆಗಲಿ ಅಷ್ಟೂರಾಗಲಿ, ಕಾರಿನ ಛಾವಣಿಯ ಸರಿಯಾಗಿ ಹಿಂದೆ ಗುಂಬಜ್ ಬಂದರೆ ಕಾರಿನ ತಲೆ ಮೇಲೆ ಇನ್ನೊಂದು ತಲೆ ಬೆಳೆದಂತಾಗುತ್ತದೆ. ಎರಡು ದುಂಡುಗಳು ಒಂದನ್ನೊಂದು ತಿನ್ನುತ್ತವೆ. ಬಾಗಿದ ಕಾರಿಗೆ ಹಿಂದೆ ನೇರ ಗೋಡೆ ಅಥವಾ ಬರೀ ದಿಗಂತವೇ ಚೆನ್ನ. ಯಾದಗಿರಿ ಬೆಟ್ಟದ ಹೆಬ್ಬಂಡೆಗಳು, ಶಹಾಪುರದ ಬುದ್ಧ ಮಲಗಿದ ಬೆಟ್ಟದ ಕಡೆಯ ಗುಡ್ಡಗಳ ಮಾತೂ ಇಷ್ಟೇ. ಹತ್ತಿರದ ಬಂಡೆ ಕಾರಿನ ಆಕಾರಕ್ಕೆ ಪೈಪೋಟಿ, ಎರಡು ಕಿಲೋಮೀಟರ್ ದೂರದ ಬೆಟ್ಟದ ಸಾಲು ಒಳ್ಳೆಯ ಹಿನ್ನೆಲೆ. ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ಕಪ್ಪು ಕಾರಿಗೆ ಕಲಬುರಗಿಯ ಫರಸಿ ಅಂಗಳ, ಬಿಳಿ ಕಾರಿಗೆ ಎರೆ ಹೊಲದ ರಸ್ತೆ, ಹಸಿರು ಕಾರಿಗೆ ಬೀದರ್.

ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮುಂಚೆಯೇ ಅನುಮತಿ ಪಡೆಯಬೇಕು. ಡ್ರೋನ್ ಯೋಚನೆಯಿದ್ದರೆ, ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮೇಲೇರಿಸಬೇಡಿ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇದೆ.

ಹೊತ್ತು: ಬಿಸಿಲೋ, ಸೂರ್ಯ ಮುಳುಗಿದ ಮೇಲೋ

ಮೇ ಎರಡನೇ ವಾರದಲ್ಲಿ ಕಲಬುರಗಿಯಲ್ಲಿ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆಗ ಛಾವಣಿ ಮತ್ತು ಬಾನೆಟ್ ಸುಟ್ಟ ಬಿಳಿ, ಪಕ್ಕ ಪೂರ್ತಿ ಕತ್ತಲು. ಡಿಸೆಂಬರ್ ಕೊನೆಗೆ ಅದೇ ಸೂರ್ಯ ಮಧ್ಯಾಹ್ನವೂ 50 ಡಿಗ್ರಿ ಎತ್ತರ ದಾಟುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಬೆಳಗ್ಗೆ ಒಂಬತ್ತರವರೆಗೂ, ಸಂಜೆ ನಾಲ್ಕರ ಮೇಲೂ ಕೆಲಸ ಮಾಡಬಹುದು. ಬೇಸಿಗೆಯಲ್ಲಿ ಮುಂಜಾನೆ ಏಳರೊಳಗೆ ಮುಗಿಸಬೇಕು.

ಆದರೂ ನೇರ ಬಿಸಿಲು ಎರಡನೇ ಆಯ್ಕೆಯೇ. ಕಾರಣ ಪುಟ್ಟಿ, ಅಂದರೆ ತಗಡಿನ ತಗ್ಗು ತುಂಬಲು ಹಚ್ಚುವ ಲೇಪ. ಈ ವಯಸ್ಸಿನ ಕಾರುಗಳಲ್ಲಿ ಟಿಂಕರಿಂಗ್ ಆಗದ ಬಾಗಿಲು ಅಪರೂಪ. ಓರೆ ಬಿಸಿಲು ಬಿದ್ದೊಡನೆ ಪುಟ್ಟಿ ಹಚ್ಚಿ ತಿಕ್ಕಿದ ಅಲೆಗಳೆಲ್ಲ ಎದ್ದು ಕಾಣುತ್ತವೆ. ಮೊದಲೇ ಪರೀಕ್ಷಿಸಲು ಸುಲಭದ ದಾರಿ ಇದೆ. ಉರಿಯುವ ಎಲ್‌ಇಡಿ ಟ್ಯೂಬ್ ಒಂದನ್ನು ಅಡ್ಡಲಾಗಿ ಹಿಡಿದು ಬಾಗಿಲಿನ ಮುಂದೆ ನಿಧಾನಕ್ಕೆ ನಡೆಯಿರಿ. ಪ್ರತಿಬಿಂಬದ ಗೆರೆ ಎಲ್ಲಿ ಹಾವಿನಂತೆ ಹೊರಳುತ್ತದೋ ಅಲ್ಲಿ ಪುಟ್ಟಿ ಇದೆ. ಎರಡೂ ಪಕ್ಕ ನೋಡಿ, ಯಾವ ಪಕ್ಕ ನೇರವಾಗಿದೆಯೋ ಅದನ್ನೇ ತೆಗೆಯಿರಿ.

ಸೂರ್ಯ ಮುಳುಗಿದ ಮೇಲಿನ 10ರಿಂದ 25 ನಿಮಿಷ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಕಾರನ್ನು ಉತ್ತರ-ದಕ್ಷಿಣವಾಗಿ ನಿಲ್ಲಿಸಿ, ಪಶ್ಚಿಮಕ್ಕೆ ಬೆನ್ನು ಮಾಡಿ ನೀವು ನಿಲ್ಲಿ. ಬೆನ್ನ ಹಿಂದಿನ ಇಡೀ ಪಡುವಣ ಆಕಾಶ ಒಂದು ದೊಡ್ಡ ಲೈಟ್ ಆಗಿ ಕಾರಿನ ಪಕ್ಕದ ಮೇಲೆ ಹರಡುತ್ತದೆ: ದಿಗಂತದ ಬಳಿ ಪ್ರಖರ, ಮೇಲೆ ಹೋದಂತೆ ಮಂದ. ಬಾಗಿದ ತಗಡಿನಲ್ಲಿ ಈ ಏರಿಳಿತವೇ ದುಂಡುತನವಾಗಿ ಕಾಣುತ್ತದೆ. ಕಾರಿನ ಹಿಂದೆ ಮೂಡಣ ದಿಕ್ಕು ಆಗಲೇ ಮಸುಕು ನೀಲಿಗೆ ತಿರುಗಿರುವುದರಿಂದ ಛಾವಣಿಯ ಅಂಚು ಬಿಡಿಸಿ ಕಾಣುತ್ತದೆ. ಹಿಂದುಮುಂದಾಗಿ ನಿಂತರೆ, ಅಂದರೆ ಕೆಂಪು ಆಕಾಶ ಕಾರಿನ ಹಿಂದೆ ಬಂದರೆ, ಸಿಗುವುದು ಕಪ್ಪು ಆಕೃತಿ ಮಾತ್ರ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಸುಮಾರು 5.55ಕ್ಕೆ ಮುಳುಗುತ್ತಾನೆ, ಮೇ ಕೊನೆಗೆ 6.45 ದಾಟುತ್ತದೆ. ಅರ್ಧ ಗಂಟೆ ಮೊದಲೇ ಕಾರು ನಿಲ್ಲಿಸಿ, ಟ್ರೈಪಾಡ್ ಇಟ್ಟು, ಕೋನ ಗಟ್ಟಿ ಮಾಡಿಕೊಂಡಿರಬೇಕು. ಬೆಳಕು ಬಂದ ಮೇಲೆ ಕಾರು ಸರಿಸುತ್ತಾ ಕೂತರೆ ಹೊತ್ತು ಕಳೆದೇ ಹೋಗುತ್ತದೆ.

ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟರೆ ಶಟರ್ ಮೊದಲಿಗೆ 1/15 ಸೆಕೆಂಡಿನ ಆಸುಪಾಸು, ಕೊನೆಗೆ ಒಂದೆರಡು ಸೆಕೆಂಡು. ಕೈಯಲ್ಲಿ ಹಿಡಿಯುವ ಮಾತೇ ಇಲ್ಲ. ಟೈಮರ್ ಅಥವಾ ರಿಮೋಟ್ ಬಳಸಿ. ಕಪ್ಪು ಕಾರಿಗೆ ಕ್ಯಾಮೆರಾ ಸೂಚಿಸುವುದಕ್ಕಿಂತ 0.7ರಿಂದ 1 ಸ್ಟಾಪ್ (1 ಸ್ಟಾಪ್ ಎಂದರೆ ಅರ್ಧದಷ್ಟು ಬೆಳಕು) ಕಡಿಮೆ ಮಾಡಿ, ಇಲ್ಲದಿದ್ದರೆ ಕಪ್ಪು ಬೂದಾಗುತ್ತದೆ. ಬಿಳಿ ಕಾರು ಫ್ರೇಮ್ ತುಂಬಿದ್ದರೆ ಅಷ್ಟೇ ಹೆಚ್ಚಿಸಿ. ಹಿಸ್ಟೋಗ್ರಾಮ್ (ಕತ್ತಲು-ಬೆಳಕಿನ ಹಂಚಿಕೆ ತೋರಿಸುವ ಕ್ಯಾಮೆರಾದ ನಕ್ಷೆ) ಬಲ ಅಂಚಿಗೆ ಅಂಟದಂತೆ ನೋಡಿಕೊಂಡರೆ ಸಾಕು.

ಟೇಲ್‌ಲ್ಯಾಂಪ್ ಉರಿಯುತ್ತಿರಲಿ ಎಂಬ ಆಸೆ ಎಲ್ಲರಿಗೂ. ಪಾರ್ಕಿಂಗ್ ಲೈಟ್ ಮಾತ್ರ ಹಾಕಿ, ಕ್ಲಿಕ್ ಮಾಡುವಷ್ಟು ಹೊತ್ತು. ಡೈನಮೋ ಇರುವ ಹಳೆ ಕಾರು ಐಡ್ಲಿಂಗ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವುದಿಲ್ಲ. ಎಂಜಿನ್ ಓಡುತ್ತಿದೆಯಲ್ಲ ಎಂದು ಹೆಡ್‌ಲೈಟ್ ಉರಿಸಿಟ್ಟರೆ ವಾಪಸ್ ಹೋಗುವಾಗ ತಳ್ಳಲು ಜನ ಬೇಕಾಗುತ್ತದೆ.

ಲೆನ್ಸ್ ಮತ್ತು ದೂರ

ಆಕಾರ ಕೆಡುವುದು ಹತ್ತಿರ ನಿಲ್ಲುವುದರಿಂದ. ಲೆನ್ಸ್ ಆರಿಸುವುದೆಂದರೆ ನಿಜಕ್ಕೂ ದೂರ ಆರಿಸುವುದು. ಮೂಲೆಯ ಕೋನದಲ್ಲಿ ಅಂಬಾಸಿಡರ್‌ನ ಮುಂದಿನ ಚಕ್ರ ನಿಮ್ಮಿಂದ 3 ಮೀಟರ್ ದೂರವಿದ್ದರೆ ಹಿಂದಿನ ಚಕ್ರ ಸುಮಾರು 4.7 ಮೀಟರ್. ಫೋಟೋದಲ್ಲಿ ಮುಂದಿನದು ಹಿಂದಿನದಕ್ಕಿಂತ ಒಂದೂವರೆ ಪಟ್ಟಿಗೂ ದೊಡ್ಡದಾಗುತ್ತದೆ. 12 ಮೀಟರ್ ಹಿಂದೆ ಹೋದರೆ ಈ ವ್ಯತ್ಯಾಸ ಶೇಕಡಾ 15ಕ್ಕೆ ಇಳಿಯುತ್ತದೆ, ಕಣ್ಣಿಗೆ ಸಹಜ ಅನ್ನಿಸುವುದು ಅಲ್ಲಿಂದಲೇ.

ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್. ಪಕ್ಕದ ನೋಟದಲ್ಲಿ ಅದು ಫ್ರೇಮಿನ ಅಗಲದಲ್ಲಿ ಶೇಕಡಾ 70 ತುಂಬಬೇಕಾದರೆ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸಿಗೆ 6 ಮೀಟರ್, 50ಕ್ಕೆ ಎಂಟೂವರೆ, 85ಕ್ಕೆ ಹದಿನಾಲ್ಕೂವರೆ, 135ಕ್ಕೆ 23 ಮೀಟರ್ ದೂರ ಬೇಕು. ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ 50 ಎಂಎಂಗೇ 13 ಮೀಟರ್ ಆಗುತ್ತದೆ, ಹಾಗಾಗಿ ಅಗ್ಗದ 50 ಎಂಎಂ ಎಫ್/1.8 ಲೆನ್ಸ್ ಇರುವವರು ಇನ್ನೊಂದನ್ನು ಕೊಳ್ಳುವ ಅಗತ್ಯವೇ ಇಲ್ಲ. ಫುಲ್‌ಫ್ರೇಮ್‌ನವರಿಗೆ 85 ನಮ್ಮ ಮೊದಲ ಆಯ್ಕೆ. 135 ಇನ್ನೂ ಸಪಾಟು ರೇಖೆ ಕೊಡುತ್ತದೆ, ಚಳಿಗಾಲದ ಬೆಳಗಿಗೆ ಒಳ್ಳೆಯದು. ಏಪ್ರಿಲ್‌ನಲ್ಲಿ ಕಾದ ಡಾಂಬರಿನ ಮೇಲೆ 23 ಮೀಟರ್ ಆಚೆಯಿಂದ ತೆಗೆದರೆ ಬಿಸಿಗಾಳಿಯ ತೆರೆಗಳು ಬಂಪರಿನ ಗೆರೆಯನ್ನೇ ನಡುಗಿಸುತ್ತವೆ. ಆಗ ಫೋಕಸ್ ತಪ್ಪಿದೆ ಎಂದು ಲೆನ್ಸ್ ಬೈಯುವವರೇ ಹೆಚ್ಚು.

ಅಪರ್ಚರ್ ಪೂರ್ತಿ ತೆರೆದು ಹಿನ್ನೆಲೆ ಮಸುಕು ಮಾಡುವ ಚಪಲ ಬಿಡಿ. 85 ಎಂಎಂ, ಎಫ್/2.8, 12 ಮೀಟರ್ ಎಂದರೆ ಸ್ಪಷ್ಟವಾಗಿ ಬರುವುದು ಸುಮಾರು ಮೂರೂವರೆ ಮೀಟರ್ ಆಳ ಮಾತ್ರ. ಮೂಲೆಯ ಕೋನದಲ್ಲಿ ಡಿಕ್ಕಿ ಮಸುಕಾಗುತ್ತದೆ, ರೇಖೆ ಅರ್ಧಕ್ಕೆ ನಿಲ್ಲುತ್ತದೆ. ಎಫ್/8 ಇಟ್ಟು ಹತ್ತಿರದ ಹೆಡ್‌ಲೈಟಿಗಿಂತ ಒಂದು ಮೀಟರ್ ಹಿಂದೆ ಫೋಕಸ್ ಮಾಡಿ.

ಮೊಬೈಲ್ ಇದ್ದರೂ ಇದೇ ಲೆಕ್ಕ. ಮುಖ್ಯ ಕ್ಯಾಮೆರಾ 24–26 ಎಂಎಂಗೆ ಸಮ, ಅದರಿಂದ ಫ್ರೇಮ್ ತುಂಬಲು 4 ಮೀಟರ್ ಹತ್ತಿರ ಹೋಗಬೇಕಾಗುತ್ತದೆ. 3ಎಕ್ಸ್ ಲೆನ್ಸ್ ಇದ್ದರೆ ಅದನ್ನೇ ಹಾಕಿ 12–13 ಮೀಟರ್ ಹಿಂದೆ ಹೋಗಿ. ಇಲ್ಲದಿದ್ದರೆ 2ಎಕ್ಸ್. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಅದು ಕನ್ನಡಿ, ಏರಿಯಲ್, ವೈಪರ್‌ಗಳನ್ನು ಹಿನ್ನೆಲೆ ಎಂದುಕೊಂಡು ಅಳಿಸಿಹಾಕುತ್ತದೆ.

ಪೋಲರೈಜರ್: ಹಾಕಬೇಕೆ?

ಕಾರಿನ ಫೋಟೋಗೆ ಪೋಲರೈಜರ್ (ಲೆನ್ಸ್ ಮುಂದೆ ತಿರುಗಿಸಿ ಹೊಳಪು ತಗ್ಗಿಸುವ ಫಿಲ್ಟರ್) ಬೇಕೇ ಬೇಕು ಎನ್ನುವ ಸಲಹೆಯನ್ನು ಪೂರ್ತಿ ನಂಬಬೇಡಿ. ಬಣ್ಣ ಮತ್ತು ಗಾಜಿನ ಮೇಲೆ ಬೆಳಕು ಓರೆಯಾಗಿ, ಸುಮಾರು 55 ಡಿಗ್ರಿಯಲ್ಲಿ ಬಿದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಾನೆಟ್, ವಿಂಡ್‌ಶೀಲ್ಡ್ ಹಾಗೆ ಕಾಣುವ ಭಾಗಗಳು. ನೇರ ಎದುರಿಗಿರುವ ಬಾಗಿಲಿನ ಮೇಲೆ ಪರಿಣಾಮ ಹೆಚ್ಚುಕಡಿಮೆ ಇಲ್ಲ, ಕ್ರೋಮ್ ಮೇಲೂ ಅಷ್ಟಕ್ಕಷ್ಟೇ. ಹಾಗಾದರೆ ಪಕ್ಕದ ನೋಟಕ್ಕೆ ಅದು ದಂಡ, ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುವುದಷ್ಟೇ ಬಂತು. ಮೂಲೆಯ ಕೋನದಲ್ಲಿ ಪೂರ್ತಿ ತಿರುಗಿಸಿದರೆ ಬಾನೆಟ್ ಮೇಲಿನ ಆಕಾಶದ ಹೊಳಪೇ ಅಳಿದು, ಬಾಗು ತೋರಿಸುವ ಆಧಾರವೇ ಹೋಗುತ್ತದೆ. ವಿಂಡ್‌ಶೀಲ್ಡ್ ಒಳಗೆ ಸ್ಟೀರಿಂಗ್ ಕಾಣುವಂತೆ ಒಂದು, ಬಾನೆಟ್ ಹೊಳೆಯುವಂತೆ ಇನ್ನೊಂದು ಫೋಟೋ ತೆಗೆದು ಆಮೇಲೆ ಜೋಡಿಸಬಹುದು. ಬದಲಾಯಿಸಿದ ಟಫನ್ಡ್ ಗ್ಲಾಸ್ ಇದ್ದರೆ ಪೋಲರೈಜರ್‌ನಲ್ಲಿ ಕಲೆಕಲೆಯ ನಕ್ಷೆ ಕಾಣಿಸಿಕೊಳ್ಳುತ್ತದೆ. ಅದು ಗಾಜಿನ ಕೊಳೆಯಲ್ಲ, ಎಷ್ಟು ಒರೆಸಿದರೂ ಹೋಗದು.

ನಿಂತ ಕಾರು, ಓಡುವ ಕಾರು, ಕತ್ತಲ ಕಾರು

ಸ್ಟ್ರೀಮ್‌ಲೈನ್ ಎಂದ ಮೇಲೆ ಓಟ ತೋರಿಸಬೇಕು ಎನ್ನಿಸುವುದು ಸಹಜ. ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವ ಪ್ಯಾನಿಂಗ್‌ಗೆ ವೇಗ ಬೇಕಿಲ್ಲ. 30 ಕಿಲೋಮೀಟರ್ ವೇಗದಲ್ಲಿ ಅಂಬಾಸಿಡರ್ ಚಕ್ರ ಸೆಕೆಂಡಿಗೆ ಸುಮಾರು ನಾಲ್ಕು ಸುತ್ತು ಸುತ್ತುತ್ತದೆ. 1/60 ಸೆಕೆಂಡಿನಲ್ಲಿ 24 ಡಿಗ್ರಿ ತಿರುಗುತ್ತದೆ, ವೀಲ್ ಕಪ್ ಮಸುಕಾಗಲು ಅಷ್ಟು ಸಾಕು. 1/250 ಇಟ್ಟರೆ ರಸ್ತೆ ನಡುವೆ ನಿಲ್ಲಿಸಿದ ಕಾರಿನಂತೆ ಕಾಣುತ್ತದೆ. 1/30ಕ್ಕೆ ಇಳಿದರೆ ಹಿನ್ನೆಲೆ ಸೊಗಸಾಗಿ ಹರಿಯುತ್ತದೆ, ಹತ್ತಕ್ಕೆ ಒಂದೆರಡು ಮಾತ್ರ ಸ್ಪಷ್ಟ ಬರುತ್ತವೆ. 70–100 ಎಂಎಂ ಲೆನ್ಸ್, ಕಂಟಿನ್ಯುಯಸ್ ಫೋಕಸ್, ರಸ್ತೆಯಿಂದ 12ರಿಂದ 15 ಮೀಟರ್ ದೂರ, ಮುಂದಿನ ಬಾಗಿಲಿನ ಹಿಡಿಕೆಯ ಮೇಲೆ ಫೋಕಸ್ ಬಿಂದು. ಸೊಂಟದಿಂದ ತಿರುಗಬೇಕು, ಮಣಿಕಟ್ಟಿನಿಂದಲ್ಲ. ಕಾರು ನಿಮ್ಮ ನೇರ ಎದುರಿಗೆ ಬಂದಾಗಿನ ಎರಡು ಮೂರು ಫ್ರೇಮ್‌ಗಳೇ ಗಟ್ಟಿ, ಆಚೀಚೆಯವುಗಳಲ್ಲಿ ಒಂದು ತುದಿ ಮಸುಕು.

ಪ್ಯಾನಿಂಗ್ ಅನ್ನು ಮುಂಜಾನೆ ಮೊದಲ ಕೆಲಸವಾಗಿ ಮುಗಿಸಿ. ಬಿಸಿಲೇರಿದ ಮೇಲೆ ಓಡಿಸು, ನಿಲ್ಲಿಸು, ತಿರುಗಿಸು ಎಂದು ಕುಣಿಸಿದರೆ ಪೆಟ್ರೋಲ್ ಪಂಪ್, ಪೈಪಿನಲ್ಲಿ ಆವಿ ಕಟ್ಟಿಕೊಂಡು ಎಂಜಿನ್ ನಿಂತುಹೋಗುತ್ತದೆ. ಹಾಗಾದರೆ ಬಾನೆಟ್ ತೆರೆದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ 15–20 ನಿಮಿಷ ಕಾಯುವುದೇ ದಾರಿ, ಹಳೆ ಮಿಸ್ತ್ರಿಗಳೆಲ್ಲ ಮಾಡುವುದೂ ಅದನ್ನೇ. ಇನ್ನೊಂದು ಎಚ್ಚರ: 50 ವರ್ಷ ದಾಟಿ ವಿಂಟೇಜ್ ವಾಹನಗಳ ‘ವಿಎ’ ಸರಣಿಯಲ್ಲಿ ನೋಂದಣಿಯಾದ ಕಾರನ್ನು 2021ರ ನಿಯಮದಂತೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಮಾಲೀಕರನ್ನು ಕೇಳಿಯೇ ಮುಂದುವರಿಯಿರಿ. ಬಾನೆಟ್ಟಿಗೆ ಸಕ್ಷನ್ ಕಪ್ ಅಂಟಿಸಿ ಕ್ಯಾಮೆರಾ ನಿಲ್ಲಿಸುವ ರಿಗ್ ಹೊಸ ಕಾರಿಗೆ ಸರಿ. ಪುಟ್ಟಿ ತುಂಬಿದ ಹಳೆ ತಗಡಿನಲ್ಲಿ ಕಪ್ ಕೀಳುವಾಗ ಬಣ್ಣದ ಚಕ್ಕೆಯೇ ಎದ್ದು ಬಂದೀತು.

ಕತ್ತಲಲ್ಲಿ ಬೆಳಕು ಬಳಿಯುವ ವಿಧಾನ ಕಪ್ಪು ಕಾರಿಗೆ ಅದ್ಭುತ, ಬಿಳಿಗೆ ವ್ಯರ್ಥ. ಐಎಸ್ಒ 100, ಎಫ್/8, 20–30 ಸೆಕೆಂಡು. ಕಪ್ಪು ಬಟ್ಟೆ ತೊಟ್ಟ ಒಬ್ಬರು ಮೀಟರ್ ಉದ್ದದ ಎಲ್‌ಇಡಿ ಟ್ಯೂಬನ್ನು ಛಾವಣಿಯಿಂದ ಒಂದು ಮೀಟರ್ ಮೇಲೆ ಅಡ್ಡಲಾಗಿ ಹಿಡಿದು ಮುಂದಿನಿಂದ ಹಿಂದಕ್ಕೆ ಒಂದೇ ನಡಿಗೆಯಲ್ಲಿ ಹೋಗಬೇಕು. ಎಡವಿ ಒಂದು ಕ್ಷಣ ನಿಂತರೂ ಅಲ್ಲೊಂದು ಬಿಳಿ ಮಚ್ಚೆ. ಛಾವಣಿ, ಪಕ್ಕ, ಮುಖ, ಚಕ್ರಗಳಿಗೆ ಬೇರೆ ಬೇರೆ ಫ್ರೇಮ್ ತೆಗೆದು ಆಮೇಲೆ ಎಡಿಟಿಂಗ್ ಆ್ಯಪ್‌ನ ‘ಲೈಟನ್’ ಮೋಡ್‌ನಲ್ಲಿ (ಪ್ರತಿ ಜಾಗದಲ್ಲೂ ಹೆಚ್ಚು ಬೆಳಕಿನ ಫ್ರೇಮನ್ನೇ ಉಳಿಸುವುದು) ಪೇರಿಸಿ. ಮೊದಲ ಕ್ಲಿಕ್ಕಿನಿಂದ ಕೊನೆಯವರೆಗೆ ಯಾರೂ ಕಾರಿಗೆ ಒರಗಬಾರದು, ಬಾಗಿಲು ತೆರೆಯಬಾರದು. ಸ್ಪ್ರಿಂಗ್ ಅರ್ಧ ಇಂಚು ಕುಸಿದರೂ ಫ್ರೇಮ್‌ಗಳು ಕೂಡುವುದಿಲ್ಲ.

ಕಾರು ಸಜ್ಜು ಮಾಡುವಾಗ

ಎರೆ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಗೀರುಗಳು ಖಾತ್ರಿ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ 10 ಲೀಟರ್ ನೀರಿಗೆ 20–30 ಮಿಲಿಲೀಟರ್ ಕಾರ್ ಶಾಂಪೂ. ತೊಳೆಯುವುದಕ್ಕೊಂದು, ಜಾಲಿಸುವುದಕ್ಕೊಂದು ಬಕೆಟ್. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ, ಕಪ್ಪು ಕಾರಿನಲ್ಲಿ ಸಿಡುಬಿನಂತೆ ಕಾಣುತ್ತದೆ. ನೆರಳಿನಲ್ಲಿ ತೊಳೆದು, ಕೊನೆಯ ಒರೆಸುವಿಕೆಗೆ ಎರಡು ಲೀಟರ್ ಆರ್‌ಒ ನೀರಿನಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಬಳಸಿ. ಡ್ಯೂಕೋ ಎಂಬ ಹಳೆ ಲ್ಯಾಕರ್ ಬಣ್ಣವಾದರೆ ಪಾಲಿಶ್ ಮಾಡುವಾಗ ಬಟ್ಟೆಗೆ ಬಣ್ಣ ಹತ್ತುತ್ತದೆ, ಗಾಬರಿ ಬೇಡ, ಆದರೆ ಉಜ್ಜುವುದು ಅಲ್ಲಿಗೆ ನಿಲ್ಲಲಿ. ಟೈರಿಗೆ ಹೊಳಪಿನ ದ್ರವ ಹಚ್ಚಬೇಡಿ. ಮೈಯ ಗೆರೆಗಿಂತ ಮೊದಲು ಟೈರೇ ಕಣ್ಣಿಗೆ ಹೊಡೆಯುತ್ತದೆ.

ಜ್ಯಾಕ್ ಹಾಕಿ ಇಳಿಸಿದ್ದರೆ ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ಇಲ್ಲದಿದ್ದರೆ ಪಟ್ಟಿ ಸ್ಪ್ರಿಂಗ್ ಸೆಟೆದುಕೊಂಡು ಹಿಂಭಾಗ ಎತ್ತರ ನಿಂತಿರುತ್ತದೆ. ಪಕ್ಕದ ನೋಟಕ್ಕೆ ಚಕ್ರ ನೇರ. ಮೂಲೆಯ ಕೋನದಲ್ಲಿ ಟೈರಿನ ಹಲ್ಲುಗಳ ಬದಲು ವೀಲ್ ಕಪ್ ಕಾಣುವಂತೆ ಸ್ಟೀರಿಂಗ್ ಸ್ವಲ್ಪ ತಿರುಗಿಸಿ. ಗ್ಲಾಸ್‌ಗಳು ಎಲ್ಲ ಮೇಲೆ ಅಥವಾ ಎಲ್ಲ ಕೆಳಗೆ. ನಿಂಬೆ-ಮೆಣಸಿನಕಾಯಿ, ಸೀಟಿನ ಟವೆಲ್, ಹಿಂದಿನ ಗಾಜಿನ ಸ್ಟಿಕ್ಕರ್ ತೆಗೆಯುವ ಮುನ್ನ ಮಾಲೀಕರ ಒಪ್ಪಿಗೆ ಕೇಳಿ. ವೀಲ್ ಕಪ್ ಮತ್ತು ಬಂಪರ್‌ನಲ್ಲಿ ನಿಮ್ಮದೇ ಬಿಳಿ ಶರ್ಟ್ ಕಾಣಬಾರದು ಎಂದರೆ ಕಡು ಬಣ್ಣದ ಬಟ್ಟೆ ತೊಟ್ಟು ಬನ್ನಿ.

ಕ್ಯಾಮೆರಾ ಹಿಂಡದೆ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ. ಸಂಜೆ ಆಕಾಶದ ನಯವಾದ ಏರಿಳಿತ ಜೆಪೆಗ್‌ನಲ್ಲಿ ಎಳೆದು ತಿದ್ದಿದರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅಂಚುಗಳನ್ನು ಎದ್ದು ತೋರಿಸುವ ಕ್ಲ್ಯಾರಿಟಿ ಸ್ಲೈಡರ್ ಇಡೀ ಫೋಟೋಗೆ ಎಳೆಯಬೇಡಿ, ಗ್ರಿಲ್ ಮತ್ತು ಟೈರಿಗೆ ಮಾತ್ರ ಕೊಡಿ. ಬಾಗಿಲುಗಳ ಮೇಲೆ ಕೊಟ್ಟರೆ ಮರೆಸಿದ ಪುಟ್ಟಿಯೆಲ್ಲ ಎದ್ದು ಕೂರುತ್ತದೆ. ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಎಂದು ಕಳಿಸಿದರೆ ಅದು ಫೈಲನ್ನು ಹಿಂಡಿ, ಕಪ್ಪು ಬಾನೆಟ್ ಮೇಲೆ ಚೌಕಳಿ ಕಲೆಗಳನ್ನು ಮೂಡಿಸುತ್ತದೆ.